ಪ್ರಪಾತ ಮೀಮಾಂಸೆ ಅಥವಾ ಕಾರ್ಟೂನು ಸರಣಿ ನಿರ್ಮಾಣ ಶಾಸ್ತ್ರ

ಶಾಸ್ತ್ರ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆಂದು ಕಾರ್ಟೂನು ಮಾದರಿಯ ಸರಣಿಯನ್ನೂ ಅದರ ಪಾತ್ರಗಳನ್ನೂ ಕಟ್ಟುವುದು. ಪ್ರಯೋಜನ: ಇಲ್ಲ. ಸಂಬಂಧ: ಪ್ರಯೋಜನವೇ ಇಲ್ಲವಾದ್ದರಿಂದ ಇದರ ಗೋಜೂ ತಪ್ಪಿತು. ಅಧಿಕಾರಿ: ನಲವತ್ತು ದಾಟಿದ್ದರೂ, ಮನೆಸಾಲದ ಕಂತು ಕಟ್ಟುತ್ತಿದ್ದರೂ, ಬೆಳಗ್ಗೆದ್ದು ಬಿ.ಪಿ. ಮಾತ್ರೆ ನುಂಗುತ್ತಿದ್ದರೂ, ಶನಿವಾರ ಸಂಜೆ ನಾಲ್ಕು ಜನರೆದುರು "ನಾನೊಂದು ಮೊಲ" ಎಂದು ನಗದೆ ಹೇಳಬಲ್ಲವನು. ನಕ್ಕವನಿಗೆ ಇಲ್ಲಿ ಪ್ರವೇಶವಿಲ್ಲ. ಅವನು ರಮ್ಮಿ ಆಡಲಿ.

ಇನ್ನು ಇತಿಹಾಸ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರ ಹೊತ್ತು ಮಾತಾಡುತ್ತಾರೆ, ತಕರಾರು ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ, ಕೂತಲ್ಲೇ ಕಾಳಗ. ಇದು ತಾಳಮದ್ದಳೆಯೇ ಅಲ್ಲವೆ ಎಂದು ಕರಾವಳಿಯವರು ಕೇಳಿಯಾರು. ಹೌದು, ಭಾಗವತರ ಕೈಗೆ ತಾಳದ ಬದಲು ದಾಳ ಕೊಟ್ಟರೆ ಮುಗಿಯಿತು. ಈ ಆಟ ಉಡುಪಿಯಿಂದ ಗೈಗ್ಯಾಕ್ಸನ ವಿಸ್ಕಾನ್ಸಿನ್‌ಗೆ ಹೋದದ್ದೆಂದು ಸಾಧಿಸಲು ಈಗ ದಾಖಲೆಯೊಂದೇ ಬಾಕಿ.

1983ರಲ್ಲಿ ಈ ಆಟವೇ ಕಾರ್ಟೂನಾಗಿ ಸಿಬಿಎಸ್ ವಾಹಿನಿಯಲ್ಲಿ ಬಂತು. ಮರುವರ್ಷ ಕಾರ್ಟೂನೇ ಆಟವಾಯಿತು: ಗ್ರೆಗ್ ಕಾಸ್ಟಿಕ್ಯನ್ ರಚಿಸಿದ 'ಟೂನ್', ಪ್ರಕಾಶಕರು ಸ್ಟೀವ್ ಜ್ಯಾಕ್ಸನ್ ಗೇಮ್ಸ್. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆಗೆ ಇಸವಿ ಸಮೇತ ಉತ್ತರ ಸಿಗುವ ಶಾಸ್ತ್ರ ಇದೊಂದೇ.

ಈಗ ಮೂಲಸೂತ್ರ. ಸೂತ್ರಕಾರರೂ ನಾವೇ, ಭಾಷ್ಯಕಾರರೂ ನಾವೇ, ಖರ್ಚು ಕಡಿಮೆ.

"ಅಱಿದವಂ ಬೀೞ್ವಂ, ಅಱಿಯದವಂ ನಡೆವಂ."

ಹಳಗನ್ನಡದಲ್ಲಿ ರಚಿಸಿದ್ದು ಪ್ರಶ್ನೆ ಕೇಳುವವರು ಕಡಿಮೆಯಾಗಲಿ ಎಂದು. ಅರ್ಥ ಇಷ್ಟೇ. ಪಾತ್ರವೊಂದು ಓಡುತ್ತ ಓಡುತ್ತ ಬೆಟ್ಟದ ಅಂಚು ದಾಟಿತು, ಕಾಲಡಿಗೆ ನೆಲವಿಲ್ಲ. ಬೀಳುತ್ತದೆಯೆ? 'ಟೂನ್' ಆಟದಲ್ಲಿ ಪಾತ್ರಕ್ಕೆ ನಾಲ್ಕು ಗುಣಗಳು: ಕಸುವು, ಚುರುಕು, ಬುದ್ಧಿ, ಭಂಡತನ. ಎರಡು ದಾಳ ಹಾಕಿ, ಬಿದ್ದ ಮೊತ್ತ ನಿಮ್ಮ ಗುಣದ ಅಂಕಿಯಷ್ಟೋ ಅದಕ್ಕಿಂತ ಕಡಿಮೆಯೋ ಆದರೆ ಗೆದ್ದಿರಿ. ಪ್ರಪಾತದ ಅಂಚಿನಲ್ಲಿ ಬುದ್ಧಿಯ ದಾಳ ಹಾಕಬೇಕು. ಗೆದ್ದರೆ ಕೆಳಗೆ ನೆಲವಿಲ್ಲವೆಂಬುದು ಪಾತ್ರಕ್ಕೆ ಹೊಳೆಯುತ್ತದೆ. ಹೊಳೆದದ್ದೇ ತಡ, ಬೀಳುತ್ತದೆ. ಸೋತರೆ ಏನೂ ಹೊಳೆಯದೆ ಗಾಳಿಯಲ್ಲೇ ನಡೆದು ಆಚೆ ಗುಡ್ಡ ಸೇರುತ್ತದೆ. ಲೆಕ್ಕ ಹಾಕಿ ನೋಡಿ: ಬುದ್ಧಿ 6 ಇರುವ ಜಾಣ 36ರಲ್ಲಿ 15 ಸಲ ಕೆಳಗೆ. ಬುದ್ಧಿ 2 ಇರುವ ದಡ್ಡ 36ರಲ್ಲಿ ಒಂದೇ ಸಲ, ಅದೂ ಎರಡು ದಾಳದಲ್ಲೂ ಒಂದೊಂದೇ ಬಿದ್ದ ದುರ್ದಿನ.

ಜ್ಞಾನದಿಂದಲೇ ಮುಕ್ತಿ ಎಂದ ಅದ್ವೈತಿಗಳು ಇಲ್ಲಿ ಸ್ವಲ್ಪ ದಿಂಬಿಗೊರಗಿ ಕೂರಬೇಕು. ಇಲ್ಲಿ ಜ್ಞಾನದಿಂದ ಪತನ, ಅಜ್ಞಾನದಿಂದ ಗಗನಯಾನ. ಅವರ ಹಗ್ಗ-ಹಾವಿನ ದೃಷ್ಟಾಂತವೂ ತಿರುವುಮುರುವು. ಅಲ್ಲಿ ಹಗ್ಗವನ್ನು ಹಾವೆಂದುಕೊಂಡವನಿಗೆ ಭಯ ಮಾತ್ರ. ಇಲ್ಲಿ ಹಾವೆಂದುಕೊಂಡ ಕೂಡಲೇ ಹಗ್ಗ ಹೆಡೆಯೆತ್ತಿ ಬುಸುಗುಡುತ್ತದೆ. "ಏಯ್, ನೀನು ಹಗ್ಗ ಕಣೋ" ಎಂದು ಗದರಿದರೆ ನಾಚಿಕೊಂಡು ಸುರುಳಿ ಸುತ್ತಿಕೊಳ್ಳುತ್ತದೆ.

ಪೂರ್ವಪಕ್ಷಿ ಏಳುವುದು ಇಲ್ಲೇ. ಪ್ರತಿ ಮೇಜಿಗೂ ಅಂಥವನೊಬ್ಬ ಇರುತ್ತಾನೆ, ಹೆಚ್ಚಾಗಿ ಮೆಕ್ಯಾನಿಕಲ್ ಎಂಜಿನಿಯರ್. "ಗುರುತ್ವಾಕರ್ಷಣೆ ಯಾರ ಅರಿವಿಗೂ ಕಾಯುವುದಿಲ್ಲ ಸ್ವಾಮಿ. ಅಂಚು ದಾಟಿದ ಕ್ಷಣದಿಂದಲೇ ಬೀಳುವ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತ ಹೋಗುತ್ತದೆ" ಎನ್ನುತ್ತಾನೆ. ಸಿದ್ಧಾಂತ: ನಿನ್ನ ಗುರುತ್ವಕ್ಕೆ ನಟನೆ ಗೊತ್ತಿಲ್ಲ. ಕಾರ್ಟೂನು ನಿರ್ದೇಶಕ ಚಕ್ ಜೋನ್ಸ್ 1949ರಲ್ಲಿ ತೆರೆಗೆ ತಂದ ಆ ಬಡಕಲು ತೋಳ, ರೋಡ್ ರನ್ನರ್ ಹಕ್ಕಿಯ ಬೆನ್ನು ಹತ್ತಿದ ವೈಲ್ ಇ. ಕಯೋಟಿ, ಬೀಳುವುದನ್ನು ನೋಡಿ. ಮೊದಲು ನಿಲ್ಲುತ್ತದೆ. ಕಾಲಿನಿಂದ ಕೆಳಗೆ ತಡವಿ ನೋಡುತ್ತದೆ. ನಮ್ಮ ಕಡೆ ತಿರುಗುತ್ತದೆ. ಕಿವಿ ಜೋಲುತ್ತದೆ. ಆಮೇಲೆ ಮೈ ಮಾಯ, ಕೊನೆಗೆ ಕಿವಿ ಮಾಯ, ಬಹಳ ಹೊತ್ತಿನ ಮೇಲೆ ತಳದಲ್ಲೊಂದು ಸಣ್ಣ ಧೂಳಿನ ಉಂಡೆ. 9.8ರಲ್ಲಿ ಈ ಕಿವಿಗೆ ಜಾಗ ಎಲ್ಲಿದೆ?

ಹಕ್ಕಿ ತಾನಾಗಿ ತೋಳಕ್ಕೆ ಕೇಡು ಮಾಡಕೂಡದು, ತೋಳದ ಸಾಮಾನೆಲ್ಲ ಆಕ್ಮಿ ಕಂಪನಿಯಿಂದಲೇ ಬರಬೇಕು, ಎಲ್ಲಕ್ಕಿಂತ ದೊಡ್ಡ ಶತ್ರು ಗುರುತ್ವವೇ ಆಗಿರಬೇಕು ಎಂದೆಲ್ಲ ಜೋನ್ಸ್ ತನ್ನ ಆತ್ಮಕಥೆಯಲ್ಲಿ ನಿಯಮ ಪಟ್ಟಿ ಮಾಡಿದ್ದಾನೆ. ಆ ಚಿತ್ರಗಳಿಗೆ ಕಥೆ ಬರೆದ ಮೈಕೆಲ್ ಮಾಲ್ಟೀಸ್ ಮಾತ್ರ, ಅಂಥ ನಿಯಮಗಳನ್ನು ತಾನು ಕೇಳಿಯೇ ಇಲ್ಲ ಎಂದದ್ದುಂಟು. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ವ್ಯಾಕರಣಕಾರರ ಪಾಡು ಎಲ್ಲೆಡೆಯೂ ಇದೇ. ಆದರೂ ಸರಣಿ ಕಟ್ಟುವವರಿಗೆ ಈ ಪಟ್ಟಿಯಷ್ಟು ಉಪಯುಕ್ತವಾದದ್ದು ಬೇರಿಲ್ಲ. ನಿಮ್ಮ ಸರಣಿಯಲ್ಲಿ ಏನೇನು ನಡೆಯುತ್ತದೆ ಎಂದು ಬರೆಯುತ್ತ ಕೂರಬೇಡಿ, ಅದಕ್ಕೆ ಕೊನೆಯಿಲ್ಲ. ಏನು ಎಂದಿಗೂ ನಡೆಯಕೂಡದು ಎಂದು ಅರ್ಧ ಹಾಳೆ ಬರೆಯಿರಿ, ಸರಣಿ ಸಿದ್ಧ.

ನಡೆಯಕೂಡದ ಮೊದಲನೆಯದು ಸಾವು. ರಂಗದ ಮೇಲೆ ಸಾವು, ಯುದ್ಧ, ನಗರದ ಮುತ್ತಿಗೆಗಳನ್ನು ನೇರವಾಗಿ ತೋರಿಸಬೇಡಿ ಎಂದು ಭರತಮುನಿ ಎಂದೋ ಹೇಳಿಯಾಗಿದೆ. ಸಾವಿನ ಮಟ್ಟಿಗೆ 'ಟೂನ್' ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಪೆಟ್ಟು ತಾಳುವ ಶಕ್ತಿಯ ಲೆಕ್ಕವಾದ ಹಿಟ್ ಪಾಯಿಂಟ್ ಸೊನ್ನೆಯಾದ ಪಾತ್ರ ಸಾಯುವುದಿಲ್ಲ, "ಬಿತ್ತು" ಅಷ್ಟೆ. ಆಡುವವನು ಮೂರು ನಿಮಿಷ ಬಾಯಿ ಮುಚ್ಚಿ ಹೊರಗಿರಬೇಕು, ಆಮೇಲೆ ಹೊಸ ಚೈತನ್ಯದೊಂದಿಗೆ ಹಾಜರ್. ಮೂರು ನಿಮಿಷದಲ್ಲಿ ಬೋಂಡಾ ಕರಿಯಲಾಗದು, ಕರಿದಿಟ್ಟದ್ದನ್ನು ತಿನ್ನಬಹುದು. ನಿಯಮ ಬರೆದವರು ಇದನ್ನು ಯೋಚಿಸಿಯೇ ಬರೆದರೆಂದು ನಮ್ಮ ನಂಬಿಕೆ. ವಿಚಿತ್ರವೆಂದರೆ ಇದೇ ಕಾಸ್ಟಿಕ್ಯನ್ ಅದೇ 1984ರಲ್ಲಿ ಬೇರೆಯವರೊಡನೆ ಸೇರಿ ರಚಿಸಿದ 'ಪ್ಯಾರನಾಯ' ಆಟದಲ್ಲಿ ಒಂದೊಂದು ಪಾತ್ರಕ್ಕೂ ಆರಾರು ತದ್ರೂಪಿಗಳು, ಒಂದಾದ ಮೇಲೊಂದು ಸಾಯಲೆಂದು. ಒಂದೇ ವರ್ಷದಲ್ಲಿ ಅಮರತ್ವವನ್ನೂ ಆರು ಮರಣಗಳನ್ನೂ ದಯಪಾಲಿಸಿದವರು ಪುರಾಣದಲ್ಲೂ ವಿರಳ.

ಪಾತ್ರ ಕಟ್ಟುವ ವಿಧಿಗೆ ಬರೋಣ. ಹೊಸಬರು ಮೊದಲು ಚಿತ್ರ ಬರೆಯುತ್ತಾರೆ: ಟೋಪಿ, ಮೀಸೆ, ಕೈಗೆ ನಾಲ್ಕು ಬೆರಳು. ಅದು ಕೊನೆಯ ಕೆಲಸ. 'ಟೂನ್' ಹಾಳೆಯಲ್ಲಿ ಅಂಕಿಗಳ ಜೊತೆ ಪಾತ್ರದ ನಂಬಿಕೆ, ಗುರಿಗಳನ್ನೂ ಬರೆಯಬೇಕು, ಜೀವ ಇರುವುದು ಅಲ್ಲಿ. ಉದಾಹರಣೆಗೆ ನಮ್ಮ ಸರಣಿಯ ನಾಯಕ. ಜಾತಿ: ಹೆಗ್ಗಣ. ಹೆಸರು: ನಂಜುಂಡಪ್ಪ. ಬುದ್ಧಿ 2, ಭಂಡತನ 6. ನಂಬಿಕೆ: ತಾನು ಪುರಸಭೆಯ ಆರೋಗ್ಯ ನಿರೀಕ್ಷಕ. ಗುರಿ: ಊರಿನಿಂದ ಹೆಗ್ಗಣಗಳ ನಿರ್ಮೂಲನ. ಹೊಟ್ಟೆಗೆ ಕಟ್ಟಿದ ಬೆಲ್ಟಿನಲ್ಲಿ ಟಾರ್ಚು, ರಸೀದಿ ಪುಸ್ತಕ, ಒಂದು ಬೋನು. ಪ್ರತಿ ಕಂತಿನಲ್ಲೂ ಇವನು ಜಾಡು ಹಿಡಿದು ಹೊರಡುತ್ತಾನೆ, ಹೆಜ್ಜೆಗುರುತು ಹೊಚ್ಚ ಹೊಸದಿರುತ್ತದೆ, ಬಿಲವನ್ನು ಎಲ್ಲೋ ನೋಡಿದಂತಿರುತ್ತದೆ, ಬೋನು ಇಟ್ಟು ಒಳಗಿನ ಕೊಬ್ಬರಿಯ ವಾಸನೆಗೆ ತಾನೇ ಮರುಳಾಗುತ್ತಾನೆ. ಸಿಕ್ಕಿಬಿದ್ದ ಹೆಗ್ಗಣಕ್ಕೆ ಒಳಗಿನಿಂದಲೇ ದಂಡದ ರಸೀದಿ ಹರಿದು ಕೊಡುತ್ತಾನೆ. ಇಂಥ ಪಾತ್ರಕ್ಕೆ ಖಳನಾಯಕ ಬೇಕಿಲ್ಲ, ಸಂಬಳ ಉಳಿಯಿತು.

ಪೂರ್ವಪಕ್ಷಿ ಮತ್ತೆ ಗೊಣಗುತ್ತಾನೆ: "ಇಷ್ಟು ದಡ್ಡ ಇರಲು ಸಾಧ್ಯವೆ?" ಗೊಣಗುವವನ ಬಗ್ಗೆಯೂ ಶಾಸ್ತ್ರವಿದೆ. 1983ರ ಆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಕಾರ್ಟೂನಿನಲ್ಲಿ ಎರಿಕ್ ಎಂಬ ಹುಡುಗನ ಕೆಲಸವೇ ತಕರಾರು ತೆಗೆಯುವುದು. ಗುಂಪು ಹೇಳಿದ್ದೇ ಸರಿ, ತಕರಾರಿನವನು ಯಾವಾಗಲೂ ತಪ್ಪು ಎಂದು ಮಕ್ಕಳಿಗೆ ಕಲಿಸಬೇಕೆಂಬ ಒತ್ತಡ ಮೇಲಿನಿಂದ ಇತ್ತೆಂದು ಅದರ ಬರಹಗಾರ ಮಾರ್ಕ್ ಇವೇನಿಯರ್ ಆಮೇಲೆ ಬರೆದುಕೊಂಡಿದ್ದಾನೆ, ಬೇಸರದಿಂದಲೇ. ಎರಿಕ್ ಹೇಳಿದ್ದು ಎಷ್ಟೋ ಸಲ ಸರಿಯೇ. ಸರಿ ಹೇಳಿದವನಿಗೇ ಪೆಟ್ಟು ಬೀಳುವುದು ಕಾರ್ಟೂನಿನ ಧರ್ಮವೆಂದು ಮೂಲಸೂತ್ರದಲ್ಲೇ ಸಿದ್ಧವಾಗಿದೆಯಾದ್ದರಿಂದ ವಿಸ್ತರಿಸುವುದಿಲ್ಲ.

ಇನ್ನು ವೀರಕಾರ್ಟೂನು ಶಾಖೆ. ದೂರದರ್ಶನದಲ್ಲಿ 'ಹೀ-ಮ್ಯಾನ್' ನೋಡಿ ಬೆಳೆದವರಿಗೆ ಹೇಳಬೇಕಾದ ಸತ್ಯವೊಂದಿದೆ: ಮೊದಲು ಹುಟ್ಟಿದ್ದು ಬೊಂಬೆ. ಮ್ಯಾಟೆಲ್ ಕಂಪನಿಯ ಬೊಂಬೆಗಳು 1982ರಲ್ಲಿ ಅಂಗಡಿಗೆ ಬಂದವು, ಫಿಲ್ಮೇಷನ್ ಸಂಸ್ಥೆಯ ಸರಣಿ 1983ರಲ್ಲಿ ಹಿಂದೆಯೇ ಬಂತು, 130 ಕಂತು. ಎಂದರೆ ಈ ಜಗತ್ತಿನ ಸೃಷ್ಟಿಕರ್ತ ಬ್ರಹ್ಮನಲ್ಲ, ಮಾರಾಟ ವಿಭಾಗ. ಹೊಸ ಪಾತ್ರ ಏಕೆ ಬಂತು, ಅದಕ್ಕೆ ಬಿಚ್ಚಿ ಜೋಡಿಸುವ ತಲೆ ಏಕೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಬ್ಬ ಹತ್ತಿರ ಬಂದಿದೆ. ಈ ಜಾತಿಯ ಸರಣಿಗಳಿಗೆಂದೇ ಆಮೇಲೆ 'ಕಾರ್ಟೂನ್ ಆ್ಯಕ್ಷನ್ ಅವರ್' ಎಂಬ ಆಟ ಬಂತು. ಅದನ್ನು ಆಡುವವರು ಇದನ್ನು ಗಮನಿಸಬೇಕು: ನಾಯಕನ ಕೈಯಲ್ಲಿ ಖಡ್ಗವಿದ್ದರೂ ಅದು ಮನುಷ್ಯರನ್ನು ಕೊಯ್ಯದು. ಬಂಡೆ ಎತ್ತಲು, ಕಿರಣ ತಡೆಯಲು, ಬಾಗಿಲ ಚಿಲಕ ಮೀಟಲು ಮಾತ್ರ. ವಿಮಾನ ಉರಿದು ಬಿದ್ದರೂ ಆಕಾಶದಲ್ಲೊಂದು ಪ್ಯಾರಾಚೂಟ್ ಅರಳಲೇಬೇಕು. ಫಿಲ್ಮೇಷನ್‌ನವರು ಖರ್ಚುಳಿಸಲು ಅದೇ ಓಟ, ಅದೇ ತಿರುಗು, ಅದೇ ಖಡ್ಗ ಎತ್ತುವ ಚಿತ್ರಗಳನ್ನು ಕಂತುಕಂತಿಗೂ ತುರುಕುತ್ತಿದ್ದರು. ಆದಕಾರಣ ಆಟ ನಡೆಸುವವನೂ ರೂಪಾಂತರದ ವರ್ಣನೆಯನ್ನು ವಾರವಾರವೂ ಒಂದಕ್ಷರ ಬದಲಿಸದೆ ಒಪ್ಪಿಸತಕ್ಕದ್ದು. ಮೂರನೆಯ ವಾರದಿಂದ ಉಳಿದವರು ಅವನೊಡನೆ ಪಾರಾಯಣ ಮಾಡದಿದ್ದರೆ ವರ್ಣನೆ ಚೆನ್ನಾಗಿಲ್ಲವೆಂದೇ ಅರ್ಥ.

ಕಡೆಯದಾಗಿ ನೀತಿಪ್ರಕರಣ. ಹೀ-ಮ್ಯಾನ್ ಕಂತಿನ ಬಾಲದಲ್ಲಿ ಯಾರಾದರೊಬ್ಬರು ಬಂದು ಮಕ್ಕಳಿಗೆ ಒಂದು ಬುದ್ಧಿಮಾತು ಹೇಳಿ ಹೋಗುತ್ತಿದ್ದರು. 'ಕಾರ್ಟೂನ್ ಆ್ಯಕ್ಷನ್ ಅವರ್' ಆಟದಲ್ಲೂ ಅದಕ್ಕೊಂದು ಜಾಗವಿದೆ. ನೀತಿಗೂ ಕಥೆಗೂ ಸಂಬಂಧವಿರಬೇಕೆ? ಇರಬೇಕೆಂದು ಒಂದು ಪಕ್ಷ. ಇದ್ದರೆ ಮಕ್ಕಳು ಕಥೆಯನ್ನೂ ಅನುಮಾನಿಸುತ್ತಾರೆಂದು ಇನ್ನೊಂದು. ನಮ್ಮ ಮೇಜಿನಲ್ಲಿ ಮೊನ್ನೆ ಈ ವಾದ ಮುಗಿಯುವ ಮೊದಲೇ ನಂಜುಂಡಪ್ಪ ಬೋನಿನೊಳಗಿನಿಂದ ಕತ್ತು ಚಾಚಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ, ತಿಂಡಿ ತೆರೆದಿಡಬೇಡಿ, ತೆರೆದಿಟ್ಟರೆ ಸಂಜೆ ಏಳರ ಮೇಲೆ ಇಡಿ ಎಂದು ಉಪದೇಶ ಶುರುಮಾಡಿದ. ಎಂಜಿನಿಯರ್ ಆಕ್ಷೇಪಿಸಲು ಬೆರಳೆತ್ತಿದ. ಬುದ್ಧಿ 6 ಇಟ್ಟುಕೊಂಡು ಆಗಷ್ಟೇ ಬೆಟ್ಟದಿಂದ ಬಿದ್ದಿದ್ದ ಅವನ ಮೂರು ನಿಮಿಷದಲ್ಲಿ ಇನ್ನೂ ನಲವತ್ತು ಸೆಕೆಂಡು ಬಾಕಿಯಿತ್ತು. ಬೋಂಡಾದ ತಟ್ಟೆಯನ್ನು ಅವನ ಕಡೆ ಸರಿಸಿದೆವು.