ಐದು ತಾಲ್ಲೂಕಿನ ಕಪ್ಪು: ಬಳಕೆದಾರರ ಕೈಪಿಡಿ

ಪೆಟ್ಟಿಗೆ ಒಡೆಯುವ ಮುನ್ನ ಓದಿ. ಕಪ್ಪು ಒಡೆದ ಮೇಲೆ ಓದುವುದು ನಮ್ಮ ಕಡೆಯ ರೂಢಿ, ಗೊತ್ತು.

ಇಟಲಿಯ ಸಿಯೆನಾ ಪಟ್ಟಣದಲ್ಲಿ 17 ಓಣಿಗಳು, ಓಣಿಗೊಂದು ಲಾಂಛನ: ಆಮೆ, ಬಸವನಹುಳು, ಮುಳ್ಳುಹಂದಿ, ಕಂಬಳಿಹುಳು. ಅವನ್ನೇ ಕೈಯಲ್ಲಿ ಬರೆದ ಮಣ್ಣಿನ ಕಪ್ಪು ಅಲ್ಲಿ ಮಾರಾಟಕ್ಕಿವೆ. ಕಂಬಳಿಹುಳು ನೋಡುತ್ತಾ ಅವರು ಕಾಫಿ ಕುಡಿಯಬಹುದಾದರೆ ನಮಗೇನು ಕಡಿಮೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಒಂದೊಂದು ಕಪ್ಪು. ಸೆಟ್ಟು ಇನ್ನೂ ತಯಾರಾಗಿಲ್ಲ, ಕೈಪಿಡಿ ಮೊದಲು ಬಂದಿದೆ.

ತಯಾರಿಕೆ. ನಮ್ಮ ಕುಂಬಾರರು ತಿಗರಿಯಿಂದ ಇಳಿಸಿ, ಒಣಗಿಸಿ, ಆವಿಗೆಯಲ್ಲಿ ಒಂದೇ ಸಲ ಸುಟ್ಟರೆ ಮುಗಿಯಿತು. ಇಟಲಿಯವರದು ಎರಡು ಸಲ ಸುಡುವ ಪದ್ಧತಿ. ಒಮ್ಮೆ ಸುಟ್ಟದ್ದನ್ನು ತವರದ ಬಿಳಿ ಲೇಪದಲ್ಲಿ ಅದ್ದಿ, ಅದು ಒಣಗಿದ ಮೇಲೆ ಚಿತ್ರ ಬರೆದು ಮತ್ತೆ ಸುಡುತ್ತಾರೆ. ಪುಡಿಪುಡಿ ಲೇಪ ಬಣ್ಣವನ್ನು ಮುಟ್ಟಿದ ತಕ್ಷಣ ಹೀರಿಕೊಳ್ಳುತ್ತದೆ. ನಮ್ಮ ಸೆಟ್ಟಿಗೂ ಇದೇ ಕ್ರಮ: ಅಳಿಸಿ ತಿದ್ದುವ ಮಾತಿಲ್ಲ.

ಆದ್ದರಿಂದ ಹರಪನಹಳ್ಳಿ ಕಪ್ಪಿನ ತಳದಲ್ಲಿ ಜಿಲ್ಲೆಯ ಹೆಸರು ಬರೆಯಕೂಡದು. 1953ರವರೆಗೆ ಮದ್ರಾಸು ರಾಜ್ಯದ ಬಳ್ಳಾರಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ತಿರುಗಿ ಬಳ್ಳಾರಿ, 2021ರಲ್ಲಿ ವಿಜಯನಗರ. ಸಿಯೆನಾದ ಓಣಿಗಳ ಗಡಿ ಹಾಕಿದ್ದು 1729ರಲ್ಲಿ, ಇವತ್ತಿಗೂ ಅದೇ ಗಡಿ. ಅವರು ಬೇಕಾದ್ದು ಬರೆದುಕೊಳ್ಳಲಿ. ನಾವು ಚೀಟಿ ಅಂಟಿಸೋಣ.

ಹಗರಿಬೊಮ್ಮನಹಳ್ಳಿ ಕಪ್ಪಿಗೆ ಬೇರೆ ತೊಡಕು: ಹೆಸರು ಸುತ್ತಿ ಬರುವಷ್ಟರಲ್ಲಿ ಹಿಡಿಕೆ ಅಡ್ಡ ಬರುತ್ತದೆ. ಬಸ್ಸಿನ ಬೋರ್ಡಿನವರ ದಾರಿ ಹಿಡಿದು ಎಚ್.ಬಿ. ಹಳ್ಳಿ ಎಂದು ಮುಗಿಸಿ. ಕೂಡ್ಲಿಗಿಗೆ ಗುಡೇಕೋಟೆಯ ಕರಡಿ ಸಾಕು, ಕಂಬಳಿಹುಳುವಿಗಿಂತ ಎಷ್ಟೋ ಮೇಲು.

ಕೊಟ್ಟೂರಿನ ಕಪ್ಪನ್ನು ಮಿರ್ಚಿ ಮಂಡಕ್ಕಿ ತಿಂದ ಕೈಯಲ್ಲಿ ಎತ್ತಬೇಡಿ. ಇಟಲಿಯ ಹಿಡಿಕೆಯಲ್ಲಿ ತೂರುವುದು ಒಂದೇ ಬೆರಳು, ಆ ಬೆರಳಿಗೆ ಎಣ್ಣೆ. ಒರೆಸಿಕೊಳ್ಳಲು ಪೇಪರಿನ ತುಂಡು ಕೊಡುತ್ತಾರೆ, ಅದೂ ಮಿರ್ಚಿ ಕೆಳಗಿದ್ದದ್ದೇ.

ಹಡಗಲಿಯದಕ್ಕೆ ಮಲ್ಲಿಗೆ. ಮೈಲಾರದ ಜಾತ್ರೆಗೆ ಒಯ್ಯುವವರಿಗೆ ಒಂದು ಸೂಚನೆ: ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಎಂದ ಕ್ಷಣದಿಂದ ಕಾರಣಿಕ ಮುಗಿಯುವವರೆಗೆ ಸೊರ್ರೆನ್ನುವುದು ನಿಷಿದ್ಧ.

ಬಸಿಯ ವಿಚಾರ. ಇಲ್ಲಿ ಇಟಲಿ ಪೂರ್ತಿ ಸೋತಿದೆ. ಅವರ ಬಸಿ ಬರೀ ಚಪ್ಪಟೆ. ನಡುವೆ ಕಪ್ಪು ಕೂರಲು ಒಂದು ಕುಳಿ, ಚಮಚಕ್ಕೆ ಒಂದಿಷ್ಟು ಅಂಚು. ನಮ್ಮವರು ಚಹಾ ಸುರಿಯುವುದೇ ಬಸಿಗೆ. ಎರಡೂ ಕೈಯಲ್ಲಿ ಎತ್ತಿ, ಊದಿ, ಕೆನೆಯನ್ನು ಆಚೆ ದಂಡೆಗೆ ತಳ್ಳಿ ಕುಡಿಯಬೇಕಾದರೆ ಬಸಿಗೆ ಹೊಟ್ಟೆ ಬೇಕು. ನಾನು ಅವರ ಚಪ್ಪಟೆ ಬಸಿಯಲ್ಲೇ ಪ್ರಯತ್ನಿಸಿದೆ. ಚಹಾ ಪಂಚೆಯ ಪಾಲಾಯಿತು. ಬಸಿ ನಮ್ಮದೇ ಇರಲಿ.

ಇಡುವ ಜಾಗ. ಓಣಿಯ ಪರಂಪರೆಯ ಕಪ್ಪು ನಮ್ಮ ಹಳ್ಳಿ ಹೋಟೆಲುಗಳಿಗೆ ಹೊಸದೇನಲ್ಲ. ಚಿತ್ರವಿಲ್ಲದಿದ್ದರೂ ಯಾವ ಕೇರಿಯದೆಂದು ಎಲ್ಲರಿಗೂ ಗೊತ್ತಿದ್ದ ಲೋಟ ಒಂದಿತ್ತು. ಹೋಟೆಲಿನ ಹೊರಗೆ, ಸೂರಿನ ತೊಲೆಯ ಸಂದಿಯಲ್ಲಿ. ಕುಡಿಯುವವನೇ ಇಳಿಸಿಕೊಳ್ಳಬೇಕು, ಚಹಾ ಮೇಲಿನಿಂದ ಬೀಳುತ್ತದೆ, ಕುಡಿದು ಅವನೇ ತೊಳೆದು ಅದೇ ಸಂದಿಯಲ್ಲಿ ಬೋರಲು ಹಾಕಬೇಕು. ಚಿಕ್ಕವನಿದ್ದಾಗ ಆ ಲೋಟ ಮುಟ್ಟಲು ಹೋಗಿ ಬೈಸಿಕೊಂಡಿದ್ದೇನೆ. ಈಗ ಎಲ್ಲರಿಗೂ ಕಾಗದದ ಕಪ್ಪು ಬಂದಿದೆ. ತುಟಿಗೆ ಅಂಟುತ್ತದೆ, ಬಿಸಿಗೆ ಮೆತ್ತಗಾಗುತ್ತದೆ, ಪರಂಪರೆ ಎಂಬುದು ಚೂರೂ ಇಲ್ಲ. ಅಷ್ಟರ ಮಟ್ಟಿಗೆ ಅದನ್ನು ನಾನು ಬೈಯಲಾರೆ.

ಈ ಸೆಟ್ಟನ್ನು ತೊಲೆಯ ಸಂದಿಯಲ್ಲಿ ಇಡಬಾರದು. ಒಳಗೆ, ಗಲ್ಲಾಪೆಟ್ಟಿಗೆಯ ಪಕ್ಕ, ಐದೂ ಒಂದೇ ಹಲಗೆಯ ಮೇಲೆ.

ತೊಳೆಯುವ ವಿಧಾನ: ಬೂದಿ ಬೇಡ, ಲೇಪಕ್ಕೆ ಗೀರು ಬೀಳುತ್ತದೆ. ಕುಡಿದವರೇ ತೊಳೆದಿಡಬೇಕೆಂಬ ನಿಯಮ ಮೊದಲು ಒಂದು ಲೋಟಕ್ಕೆ ಮಾತ್ರ ಇತ್ತು. ಇನ್ನು ಐದಕ್ಕೂ ಅನ್ವಯ, ಗೌಡರು ಕುಡಿದರೂ ಸರಿ.