300 ಅಂದ್ರೆ ಬೆರಳು, 999 ಅಂದ್ರೆ ಭಗವಂತ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿಗೆ ಬೇಕಾದರೂ ಹೋಗಿ, ಆಗದ ಕೆಲಸಕ್ಕೆಲ್ಲ ಈಗ ಕಾರಣ ಒಂದೇ: ಸರ್ವರ್. ಪಹಣಿ ಬರಲಿಲ್ಲವಾ? ಸರ್ವರ್ ಡೌನ್. ಆದಾಯ ಪ್ರಮಾಣಪತ್ರ? ಸರ್ವರ್ ಬಿಜಿ. ಜಾತಿ ಪ್ರಮಾಣಪತ್ರ? ಜಾತಿ ಇದೆ ಸ್ವಾಮಿ, ಸರ್ವರ್ ಇಲ್ಲ.

ಹಿಂದೆ ಕೆಲಸ ಕೆಟ್ಟರೆ ಬೈಯೋದಕ್ಕೆ ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಶಾನುಭೋಗರು ಕನ್ನಡಕದ ಮೇಲಿಂದ ನೋಡಿ, "ಲೆಕ್ಕದಲ್ಲಿ ನಿಮ್ಮಪ್ಪ ಹನುಮಂತಯ್ಯ, ನೀನು ಹನುಮಂತರಾಯಪ್ಪ ಅಂತ ಬರಕೊಂಡು ಬಂದಿದ್ದೀಯಲ್ಲಯ್ಯ" ಅನ್ನುತ್ತಿದ್ದರು. ಕೈ ಬಿಸಿ ಮಾಡಬೇಕಿತ್ತು, ಅದು ಬೇರೆ ಮಾತು. ತಪ್ಪು ಎಲ್ಲಿದೆ ಅನ್ನೋದಂತೂ ಗೊತ್ತಾಗುತ್ತಿತ್ತು. ಈಗ ಪರದೆ ಮೇಲೆ ಒಂದು ನಂಬರ್ ಬರುತ್ತದೆ. ಸೆಂಟರ್ ಹುಡುಗ ನಂಬರ್ ನೋಡುತ್ತಾನೆ, ನಾವು ಹುಡುಗನ ಮುಖ ನೋಡುತ್ತೇವೆ. "ನಾಳೆ ಬನ್ನಿ ಸಾರ್."

ಈ ನಂಬರುಗಳ ಠೀವಿ ನೋಡಬೇಕು. ವಿಂಡೋಸ್‌ನಲ್ಲಿ 80004005 ಅಂತ ಒಂದಿದೆ. ಅದರ ಅರ್ಥ ಹುಡುಕಿದರೆ, ದೋಷ ಇಂಥದ್ದೇ ಅಂತ ಹೇಳಲಾಗದು, ಅಷ್ಟೆ. ಗೊತ್ತಿಲ್ಲ ಅನ್ನೋದಕ್ಕೆ ಎಂಟು ಅಂಕಿ ಖರ್ಚು ಮಾಡೋದಕ್ಕೂ ಧೈರ್ಯ ಬೇಕು. ವೆಬ್‌ಸೈಟಿನ 500ರದ್ದೂ ಇದೇ ಜಾತಕ: ಒಳಗೆ ಏನೋ ಆಗಿದೆ, ಏನು ಅಂತ ಕೇಳಬೇಡಿ.

ಇವೆಲ್ಲ ಹೊಟ್ಟೆ ತುಂಬಿದವರ ಗೋಳು ಅನ್ನಿ. ರೇಷನ್ ಅಂಗಡಿಗೆ ಬನ್ನಿ. ಜೀವಮಾನವಿಡೀ ಮಗ್ಗದ ಮುಂದೆ ಕೂತು ಕಿತ್ತ ಎಳೆ ಗಂಟು ಹಾಕಿದ ಅಜ್ಜಿಯ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ತಂಬ್ ತಗೊಳ್ಳೋದಿಲ್ಲ. ಸೆರಗಿಗೆ ಒರೆಸಿ ಇಟ್ಟಳು, ಕೆಂಪು ದೀಪ. "ತಲೆಗೆ ಉಜ್ಜಿ ಇಡಜ್ಜಿ, ಎಣ್ಣೆ ಹತ್ತಲಿ" ಅಂದ ಅಂಗಡಿಯವನು. ಉಜ್ಜಿ ಇಟ್ಟಳು, ಮತ್ತೆ ಕೆಂಪು. "ಬೇರೆ ಬೆರಳು ಕೊಡು." ಅಜ್ಜಿಗೆ ರೇಗಿತು: "ಇದೇ ಬೆರಳು ಕಣಪ್ಪಾ, ಹೋದ ತಿಂಗಳೂ ಇದನ್ನೇ ತಂದಿದ್ದೆ!"

ಆಧಾರ್ ವ್ಯವಸ್ಥೆಯ ಕೋಡುಗಳಲ್ಲಿ ಇದಕ್ಕೆಲ್ಲ ಲೆಕ್ಕ ಇದೆ. 300 ಬಂದರೆ ಬೆರಳ ಗುರುತು ದಾಖಲೆಗೆ ಹೊಂದಲಿಲ್ಲ ಅಂತ. 330 ಬಂದರೆ ಬಯೋಮೆಟ್ರಿಕ್‌ಗೆ ಬೀಗ ಹಾಕಿದೆ, ಹಾಕಿದವರು ನೀವೇ ಅಂತ. 811 ಅಂದರೆ ಗುರುತು ದಾಖಲೆಯಲ್ಲೇ ಇಲ್ಲ. 999ಕ್ಕೆ ಆಧಾರ್‌ನವರೇ ಕೊಟ್ಟಿರೋ ವಿವರಣೆ, ಗೊತ್ತಿಲ್ಲದ ದೋಷ. ಅದನ್ನು ಭಗವಂತನಿಗೆ ಬಿಡೋಣ, ಮಿಕ್ಕವುಗಳಿಗೆ ಮದ್ದುಂಟು. 300ಕ್ಕೆ ಇನ್ನೊಂದು ಬೆರಳು ನೋಡಬಹುದು, ಗೆರೆ ಸವೆದಿದ್ದರೆ ಆಧಾರ್ ಕೇಂದ್ರದಲ್ಲಿ ಅಪ್‌ಡೇಟ್ ಮಾಡಿಸಬಹುದು. 330ಕ್ಕೆ ಗಾಣದೆಣ್ಣೆಯನ್ನೆಲ್ಲ ಸುರಿದರೂ ಪ್ರಯೋಜನವಿಲ್ಲ, ಬೀಗ ತೆಗೆಯಬೇಕು.

ಬೀಗ ಯಾಕೆ ಬಿತ್ತು ಅನ್ನೋದಕ್ಕೂ ಕಥೆ ಇದೆ. ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು ಬ್ಯಾಂಕ್ ಖಾತೆಯಿಂದ ದುಡ್ಡು ಎತ್ತಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ಲಾಕ್ ಮಾಡಿಕೊಳ್ಳಿ ಅಂತ ಪೊಲೀಸರೇ ಹೇಳಿದರು. ಬುದ್ಧಿವಂತ ಮೊಮ್ಮಗ ಅಜ್ಜಿಯದ್ದನ್ನೂ ಲಾಕ್ ಮಾಡಿ, ಹೇಳೋದು ಮರೆತು ಬೆಂಗಳೂರಿಗೆ ಡ್ಯೂಟಿಗೆ ಹೋಗಿರುತ್ತಾನೆ. ಇಲ್ಲಿ ಅಜ್ಜಿ ತಲೆ ಉಜ್ಜುತ್ತಾ ನಿಂತಿರುತ್ತಾಳೆ.

ಯಂತ್ರಕ್ಕೆ ರೋಗ ಗೊತ್ತು, ಹೇಳೋದು ಮಾತ್ರ ಅಂಗಡಿಯಲ್ಲಿಲ್ಲದ ಇಂಜಿನಿಯರಿಗೆ. ನನ್ನ ತಕರಾರು ಇಷ್ಟೇ. ಆಧಾರ್‌ನ ತಾಂತ್ರಿಕ ಕೇಂದ್ರ ಇರೋದೂ ಬೆಂಗಳೂರಿನಲ್ಲೇ, ದೊಡ್ಡಬಳ್ಳಾಪುರಕ್ಕೆ ದೂರವೇನಲ್ಲ. ಸಾಫ್ಟ್‌ವೇರ್ ಬರೆಯೋ ಮಕ್ಕಳಾ, ಒಂದು ದಿನ ಬಸ್ ಹತ್ತಿ ಬಂದು ಕ್ಯೂನಲ್ಲಿ ನಿಲ್ಲಿ. ನಂಬರ್ ನಿಮಗಿರಲಿ, ಅದರ ಕೆಳಗೆ ‘ಬೀಗ ತೆಗೆಸಿ’, ‘ಬೇರೆ ಬೆರಳು ಇಡಿ’ ಅಂತ ಒಂದು ಸಾಲು ಕನ್ನಡ ಹಾಕಿದರೆ ಯಾರ ಗಂಟೇನು ಹೋಗುತ್ತದೆ?

ಅಲ್ಲಿವರೆಗೆ ನೀವು ಮಾಡಬೇಕಾದ್ದು: ತಂಬ್ ತಗೊಳ್ಳಲಿಲ್ಲ ಅಂದರೆ "ಯಾವ ನಂಬರ್ ಬಂತು?" ಅಂತ ಕೇಳಿ. ಬೆರಳು ಹೊಂದಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ರೇಷನ್ ತಪ್ಪಿಸಬಾರದು ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ಎಲ್ಲ ರಾಜ್ಯಗಳಿಗೂ ಬರೆದಿದೆ. ಅದನ್ನೂ ಅಂಗಡಿಯವನಿಗೆ ನೆನಪಿಸಿ.