ನೀರು ಕಾಣದ ಕೆರೆಗೆ

ಬರುವ ಜನವರಿಗೆ ಉತ್ತರಾಖಂಡದ ಬ್ರಹ್ಮತಾಲ್‌ಗೆ ಚಾರಣ ಹೊರಡುತ್ತೇನೆ ಎಂದಾಗ ಅತ್ತೆಯವರು, "ಅಲ್ಲೇನಿದೆ?" ಅಂದರು. ಬ್ರಹ್ಮ ತಪಸ್ಸು ಮಾಡಿದನೆಂಬ ಪ್ರತೀತಿಯ ಕೆರೆ, ಹತ್ತು ಸಾವಿರ ಅಡಿಗೂ ಮೇಲಿದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಮ ಮುಚ್ಚಿಕೊಂಡಿರುತ್ತೆ ಎಂದು ವಿವರಿಸಿದೆ.

"ಹಂಗಾದ್ರೆ ನೀರೇ ಕಾಣಲ್ವಾ?"

"ಕಾಣಲ್ಲ."

"ನೀರು ಕಾಣದ ಕೆರೆ ನೋಡೋಕೆ ಅಷ್ಟು ದೂರ ಯಾಕೆ? ಮೆಜೆಸ್ಟಿಕ್‌ಗೆ ಹೋಗಿ ಬನ್ನಿ."

ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿಕೊಂಡ ಊರಿನಲ್ಲಿ ಈ ವಾದಕ್ಕೆ ಉತ್ತರವಿಲ್ಲ. ತ್ರಿಶೂಲ ಪರ್ವತ ಕಣ್ಣೆದುರಿಗೇ ಕಾಣುತ್ತೆ, 7,120 ಮೀಟರ್, ಅಂತ ಶಿವನನ್ನು ಎಳೆದುತಂದ ಮೇಲೆ ಅರ್ಧ ಒಪ್ಪಿಗೆ ಸಿಕ್ಕಿತು.

ಚಳಿಯ ಬಗ್ಗೆ ನಮ್ಮ ಬ್ಯಾಡರಹಳ್ಳಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಹದಿನಾರು ಡಿಗ್ರಿಗೆ ಇಳಿಯಿತೆಂದರೆ ಹಾಲು ತರಲು ಹೋದವರೆಲ್ಲ ಮಂಕಿ ಕ್ಯಾಪಿನೊಳಗಿರುತ್ತಾರೆ. ಬೆಂಗಳೂರು ಕಂಡ ಅತಿ ಕೆಟ್ಟ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಬ್ರಹ್ಮತಾಲ್‌ನಲ್ಲಿ ಅದಕ್ಕೆ ಮಧ್ಯಾಹ್ನ ಅಂತಾರೆ. ರಾತ್ರಿಯ ಲೆಕ್ಕ ಸೊನ್ನೆಯ ಕೆಳಗೆ. ಹತ್ತಿ ಬಟ್ಟೆ ಬೆವರು ಹಿಡಿದುಕೊಂಡು ಮೈ ತಣ್ಣಗೆ ಮಾಡುತ್ತೆ, ಆದ್ದರಿಂದ ಬನಿಯನ್ನಿನಿಂದ ಮೊದಲ್ಗೊಂಡು ಹತ್ತಿಯದೆಲ್ಲ ನಿಷಿದ್ಧ. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಜಾಕೆಟ್. ಎಲ್ಲವನ್ನೂ ಒಟ್ಟಿಗೆ ತೊಟ್ಟು ನೋಡೋಣವೆಂದು ನಮ್ಮ ಹಾಲ್‌ನಲ್ಲಿ ನಿಂತೆ. ಫ್ಯಾನ್ ಐದರಲ್ಲಿತ್ತು, ಆದರೂ ಹೆಂಡತಿ ನೀರು ಚಿಮುಕಿಸಬೇಕಾಯಿತು. ರಾತ್ರಿ ಚಳಿಗೆ ಬ್ಯಾಟರಿ ಇಳಿಯದಿರಲು ಫೋನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ತಬ್ಬಿಕೊಂಡು ಮಲಗಬೇಕಂತೆ ಎಂದೆ. ಇದೊಂದಕ್ಕೆ ನಿಮಗೆ ತಯಾರಿ ಬೇಡ ಅಂದಳು.

ಅಷ್ಟು ಎತ್ತರದಲ್ಲಿ ನೀರು ತೊಂಬತ್ತು ಡಿಗ್ರಿಯ ಆಸುಪಾಸಿಗೇ ಕುದಿಯುತ್ತೆ, ಬೇಳೆ ಬೇಗ ಬೇಯಲ್ಲ. ಇದು ಗೊತ್ತಾದದ್ದೇ ತಡ, ನಿಪ್ಪಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಸಾಲಾಗಿ ಬ್ಯಾಗಿನ ಪಕ್ಕ ಬಂದು ಕೂತವು. ಹೊರಲು ನಾನೊಬ್ಬನೇ.

ಹೊರುವ ಅಭ್ಯಾಸಕ್ಕೆ ಸಾವನದುರ್ಗ. ಮಾಗಡಿ ರಸ್ತೆಯವರಾದ ನಮಗೆ ಬೇರೆ ಬೆಟ್ಟ ಯಾಕೆ? 1,226 ಮೀಟರ್, ಏಕಶಿಲೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಪಡೆ ಟಿಪ್ಪುವಿನ ಕೈಯಿಂದ ಇದನ್ನು ಕಿತ್ತುಕೊಂಡಿತು. ಅವರ ಹತ್ತಿರ ಫಿರಂಗಿಗಳಿದ್ದವು, ನನ್ನ ಹತ್ತಿರ ಊರುಗೋಲು ಮಾತ್ರ. ತೂಕಕ್ಕಿರಲಿ ಅಂತ ಬ್ಯಾಗಿಗೆ ರಾಗಿ ತುಂಬಿದ್ದೆ. ಬುಡದಲ್ಲಿ ಸೌತೆಕಾಯಿ ಮಾರುತ್ತಿದ್ದ ಅಜ್ಜಿ ಚೀಲ ಮುಟ್ಟಿ ನೋಡಿ, "ಮೇಲೆ ಮಿಲ್ ಇಲ್ಲ ಕಣಪ್ಪಾ" ಎಂದು ಕನಿಕರದಿಂದ ಹೇಳಿತು. ಅಂದಹಾಗೆ ಬೆಂಗಳೂರೇ ಸಮುದ್ರದಿಂದ ಮೂರು ಸಾವಿರ ಅಡಿ ಮೇಲಿದೆ. ಅಷ್ಟನ್ನು ಹುಟ್ಟಿನಿಂದಲೇ ಹತ್ತಿದ್ದೇನೆ, ಮಂಗಳೂರಿನವರು ಈಗ ಶುರುಮಾಡಬೇಕು. ಈ ಸಮಾಧಾನ ಅರ್ಧ ಬಂಡೆಯವರೆಗೆ ಕೆಲಸ ಮಾಡಿತು.

ಉಳಿದದ್ದು ಓಟ. ಐದು ಕಿಲೋಮೀಟರ್ ಓಡಿ, ಫೋನಿನ ಆಪ್‌ನಲ್ಲಿ ದಾಖಲಾದ ಸಮಯವನ್ನು ಚಾರಣದ ಸಂಘಟಕರಿಗೆ ತೋರಿಸಬೇಕು. ಮಾಗಡಿ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೆ ಓಡುವವನಿಗೆ ಆರೋಗ್ಯದ ಉದ್ದೇಶ ಇರಬಹುದೆಂದು ಯಾರೂ ನಂಬುವುದಿಲ್ಲ. ನಾಯಿಗಳಂತೂ ಕಳ್ಳನೆಂದೇ ತೀರ್ಮಾನಿಸಿದವು. ಅವು ಬೆನ್ನಟ್ಟಿದ್ದರಿಂದ ವೇಗ ಹೆಚ್ಚಿದ್ದು ನಿಜ. ಅಷ್ಟರಲ್ಲಿ ಹಿಂದಿನಿಂದ ಬಂದ ಬಸ್ಸು ನಿಧಾನವಾಯಿತು. ಕಂಡಕ್ಟರ್ ಸೀಟಿ ಹೊಡೆದು ನಿಲ್ಲಿಸಿ, "ಓಡ್ಬೇಡಿ ಸಾರ್, ನಿಲ್ಸಿದೀವಲ್ಲ, ಹತ್ತಿ ಹತ್ತಿ" ಅಂದರು. ಬೆಂಗಳೂರಿನಲ್ಲಿ ಓಡುವವನಿಗಾಗಿ ಬಸ್ ನಿಲ್ಲುವುದು ದಿನಾ ನಡೆಯುವ ಸಂಗತಿಯಲ್ಲ. ಅಂಥ ಔದಾರ್ಯಕ್ಕೆ ಬೆನ್ನು ತಿರುಗಿಸುವುದು ಹೇಗೆ? ಹಿಂದೆ ನಾಯಿಗಳು ಬೇರೆ. ಹತ್ತಿದೆ, ಸುಂಕದಕಟ್ಟೆಗೆ ಟಿಕೆಟ್ ತಗೊಂಡೆ, ಇಳಿದು ಮತ್ತೆ ಓಡಿದೆ.

ಆಪ್ ಜೇಬಿನಲ್ಲಿ ಎಲ್ಲವನ್ನೂ ಅಳೆಯುತ್ತಿತ್ತು. ಮನೆ ಸೇರುವಷ್ಟರಲ್ಲಿ ಇದು ನಿಮ್ಮ ಜೀವಮಾನದ ದಾಖಲೆ ಎಂದು ಅಭಿನಂದಿಸಿ, ಫಲಿತಾಂಶವನ್ನು ಸಂಘಟಕರಿಗೂ ತಾನೇ ರವಾನಿಸಿಬಿಟ್ಟಿತ್ತು. ಸಂಜೆ ಅವರಿಂದ ಉತ್ತರ ಬಂತು: "ಬಹಳ ಚೆನ್ನಾಗಿದೆ ಸರ್. ಮೇಲೆ ಗಾಳಿ ತೆಳು, ಅಲ್ಲಿ ಮಾತ್ರ ದಯವಿಟ್ಟು ಇಷ್ಟು ಜೋರಾಗಿ ಹೋಗಬೇಡಿ."